ಪುಗ್ಗಾ ಅಂಗಡಿಯ ಮೂರು ಮಾತು

ನಮ್ಮ ಕಡೆಯ ಹುಡುಗರಿಗೆ ಬಂದೂಕಿನ ಮೊದಲ ಪಾಠ ಆಗುವುದು ಜಾತ್ರೆಯಲ್ಲಿ. ಮುಧೋಳವಿರಲಿ, ಬೀಳಗಿಯಿರಲಿ, ಬೆಂಡು ಬತ್ತಾಸಿನ ಅಂಗಡಿಗಳ ಸಾಲು ಮುಗಿದಲ್ಲಿ ಹಲಗೆಗೆ ಪುಗ್ಗಾ ಕಟ್ಟಿಕೊಂಡು ಒಬ್ಬ ನಿಂತಿರುತ್ತಾನೆ. ಮುಂದೆ ನಳಿಗೆ ಮಡಚಿ ಛರ್ರಾ ತುಂಬುವ ಏರ್‌ಗನ್ನು. ರೊಕ್ಕ ಕೊಟ್ಟವನಿಗೆ ಆತ ಹೇಳುವುದು ಮೂರೇ ಮಾತು: “ತಮ್ಮಾ, ಒಂದ ಕಣ್ಣ ಮುಚ್ಚ, ಉಸರ ಬಿಗಿ ಹಿಡಿ, ಜಗ್ಗಿ ಬಿಡ!” ಪುಗ್ಗಾ ಒಡೆದರೆ ಹುಡುಗ ಶೂರ. ಒಡೆಯದಿದ್ದರೆ ಇನ್ನೊಮ್ಮೆ ರೊಕ್ಕ.

ಗುರಿ ಸ್ಪರ್ಧೆಗೆ ಹೊಸದಾಗಿ ಇಳಿಯುವವರಿಗೆ ಪಳಗಿದವರು ಕೊಡುವ ಬುದ್ಧಿಮಾತುಗಳನ್ನು ಓದುತ್ತ, ಕೇಳುತ್ತ ಹೋದರೆ ಈ ಮೂರೂ ಒಂದೊಂದಾಗಿ ಬಿದ್ದುಹೋಗುತ್ತವೆ. ಒಂದು ಕಣ್ಣು ಬಿಗಿದು ಮುಚ್ಚಿದರೆ ಮುಖದ ನರವೆಲ್ಲ ಬಿಗಿಯುತ್ತದೆ, ತೆರೆದ ಕಣ್ಣೂ ಬೇಗ ದಣಿಯುತ್ತದೆ. ಅದಕ್ಕೇ ಎರಡೂ ಕಣ್ಣು ತೆರೆದಿರಲಿ ಎನ್ನುತ್ತಾರೆ. ಆಗದವರು ಒಂದರ ಮುಂದೆ ಮರೆ ಇಟ್ಟುಕೊಳ್ಳುತ್ತಾರೆ. ಉಸಿರನ್ನು ಎದೆ ತುಂಬ ಎಳೆದು ಬಿಗಿಹಿಡಿಯುವುದಲ್ಲ. ಅರ್ಧ ಬಿಟ್ಟು, ಅದು ತಾನಾಗಿ ನಿಲ್ಲುವ ಕೆಲವೇ ಸೆಕೆಂಡುಗಳಲ್ಲಿ ಗುಂಡು ಬಿಡಬೇಕು. ಆ ಹೊತ್ತು ಮೀರಿತೋ, ಬಂದೂಕು ಇಳಿಸಿ ಮತ್ತೆ ಶುರು ಮಾಡಬೇಕು. ಕೆಟ್ಟ ಗುಂಡನ್ನು ಬಿಡದೆ ಉಳಿಸಿಕೊಳ್ಳುವುದೂ ಆಟದ ಒಂದು ಭಾಗ ಎಂದು ಜಾತ್ರೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಮೂರನೆಯದು ‘ಜಗ್ಗು’. ಎಲ್ಲ ಕೆಡುವುದು ಇಲ್ಲೇ. ಜಗ್ಗಿದೊಡನೆ ನಳಿಗೆ ಕೂದಲೆಳೆಯಷ್ಟು ಸರಿಯುತ್ತದೆ. ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. ಹೀಗಾಗಿ ಇಲ್ಲಿ ಕೂದಲೆಳೆ ಸಣ್ಣ ಮಾತಲ್ಲ. ರಬಕವಿ-ಬನಹಟ್ಟಿಯ ನೇಕಾರರಿಗೆ ಇದನ್ನು ಹೇಳಿಕೊಡುವುದು ಸುಲಭ ಎಂದು ನನಗೆ ಅನಿಸುತ್ತದೆ. ಹಾಸಿನ ಎಳೆ ಬಿಗಿಯಾಗಿದೆಯೋ ಸಡಿಲಾಗಿದೆಯೋ ಎಂದು ಬೆರಳ ತುದಿಯಿಂದ ಒತ್ತಿ ನೋಡುತ್ತಾರಲ್ಲ, ಎಳೆ ಹರಿಯದ ಹಾಗೆ, ಟ್ರಿಗರ್ ಮೇಲೆ ಬೇಕಾದದ್ದು ಆ ಒತ್ತಡ. ಗುಂಡು ಯಾವಾಗ ಹಾರಿತೆಂದು ಹೊಡೆದವನಿಗೇ ಅಚ್ಚರಿಯಾಗಬೇಕು ಎನ್ನುತ್ತಾರೆ. ಶುರುವಿನ ದಿನಗಳಿಗೆ ಈ ಮಾತು ಸಾಕು. ಪಳಗಿದವನಿಗೆ ಮಾತ್ರ ಅಚ್ಚರಿಯೇನೂ ಉಳಿದಿರುವುದಿಲ್ಲ.

ಇಷ್ಟರ ಮಟ್ಟಿಗೆ ಪಳಗಿದವರ ಬುದ್ಧಿಮಾತಿಗೆ ಪೂರ್ತಿ ಅಂಕ ಕೊಡಬಹುದು. ತಕರಾರು ಇರುವುದು ಮುಂದಿನ ಮಾತಿನ ಬಗ್ಗೆ: “ನಿಧಾನ ಹೊಡಿ, ವೇಗ ತಾನಾಗಿ ಬರುತ್ತದೆ.”

ಪ್ರಾಕ್ಟಿಕಲ್ ಶೂಟಿಂಗ್ ಎಂಬ ಆಟದಲ್ಲಿ ಇದು ಹೆಚ್ಚು ಕೇಳಿಬರುತ್ತದೆ. 1976ರಲ್ಲಿ ಅಮೆರಿಕದ ಕೊಲಂಬಿಯಾ ನಗರದಲ್ಲಿ ಇದಕ್ಕೊಂದು ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಅದರ ಧ್ಯೇಯವಾಕ್ಯ ಮೂರು ಲ್ಯಾಟಿನ್ ಪದಗಳದ್ದು. ನಿಖರತೆ, ಬಲ, ವೇಗ ಎಂದು ಅರ್ಥ ಹೇಳುತ್ತಾರೆ. ಇಲ್ಲಿ ನಿಂತಲ್ಲೇ ನಿಂತು ಹೊಡೆಯುವುದಿಲ್ಲ. ಓಡಿ, ಬಗ್ಗಿ, ಗೋಡೆಯ ಮರೆಯಿಂದ ಇಣುಕಿ ಹೊಡೆಯಬೇಕು. ಗಳಿಸಿದ ಅಂಕವನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸುತ್ತಾರೆ. ಒಬ್ಬ 12 ಗುಂಡನ್ನೂ ನಡುಮಧ್ಯಕ್ಕೆ ಹೊಡೆದು, ಗುಂಡಿಗೆ ಐದರಂತೆ 60 ಅಂಕ ಗಳಿಸಿ, 12 ಸೆಕೆಂಡು ತೆಗೆದುಕೊಂಡ ಅನ್ನಿ. ಅವನ ಲೆಕ್ಕ 5. ಇನ್ನೊಬ್ಬನ ನಾಲ್ಕು ಗುಂಡು ಪಕ್ಕದ ವಲಯಕ್ಕೆ ಸರಿದು ಮೂರು ಮೂರೇ ಅಂಕ ತಂದವು, ಒಟ್ಟು 52; ಆದರೆ 9 ಸೆಕೆಂಡಿನಲ್ಲಿ ಮುಗಿಸಿದ. ಅವನ ಲೆಕ್ಕ 5.78. ಗೆದ್ದವನು ಅವಸರದವನೇ! ಈಗ ಅವನ ಆ ನಾಲ್ಕರಲ್ಲಿ ಒಂದು ಗುಂಡು ಗುರಿಯನ್ನೇ ತಪ್ಪಿತು ಅನ್ನಿ. ಆ ಮೂರು ಅಂಕವೂ ಹೋಯಿತು, ಮೇಲೆ 10 ದಂಡ. ಲೆಕ್ಕ 4.33ಕ್ಕೆ ಕುಸಿಯಿತು.

ಅಂದರೆ ಹೊಸಬನಿಗೆ ಹೇಳಬೇಕಾದದ್ದು ‘ನಿಧಾನ’ ಅಲ್ಲ, ‘ತಪ್ಪಬೇಡ’. ಎರಡೂ ಒಂದೇ ಅಲ್ಲ. ನಿಧಾನವನ್ನೇ ರೂಢಿ ಮಾಡಿಕೊಂಡವನು ವರ್ಷ ಕಳೆದರೂ ನಿಧಾನವೇ ಇರುತ್ತಾನೆ. ವೇಗ ಆಕಾಶದಿಂದ ಬೀಳುವುದಿಲ್ಲ. ಖಾಲಿ ಬಂದೂಕು ಹಿಡಿದು ಗೋಡೆಯ ಮೇಲಿನ ಚುಕ್ಕೆಯತ್ತ ನೂರಾರು ಸಲ ಟ್ರಿಗರ್ ಒತ್ತಿ ಅದನ್ನು ಗಳಿಸಬೇಕು. ತಾಲೀಮಿನಲ್ಲಿ ದಂಡ-ಬೈಠಕ್ ಇದ್ದ ಹಾಗೆ. ಕಣಕ್ಕಿಳಿದ ದಿನ ಅದು ಕಾಣುವುದಿಲ್ಲ, ಅದಿಲ್ಲದವನು ಮಾತ್ರ ಕಾಣುತ್ತಾನೆ.

ಒಂದು ಮಾತನ್ನು ಮಾತ್ರ ಈ ಆಟದವರು ರಾಜಿಯಿಲ್ಲದೆ ಹೇಳುತ್ತಾರೆ. ಓಡುವಾಗ ಬೆರಳು ಟ್ರಿಗರ್ ಹತ್ತಿರ ಇತ್ತೋ, ನಳಿಗೆ ನಿಗದಿತ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗಿತೋ, ಬಂದೂಕು ಕೈಜಾರಿ ಬಿತ್ತೋ, ಸ್ಪರ್ಧೆಯಿಂದಲೇ ಹೊರಗೆ. ಆ ಸುತ್ತಿನಿಂದಷ್ಟೇ ಅಲ್ಲ, ಪೂರ್ತಿ ಸ್ಪರ್ಧೆಯಿಂದ. ಎಷ್ಟೇ ದೊಡ್ಡ ಆಟಗಾರನಾಗಲಿ, ರಿಯಾಯಿತಿ ಇಲ್ಲ. ಮುಧೋಳದ ರನ್ನನ ಭೀಮ ಗದಾಯುದ್ಧದ ನಿಯಮ ಮುರಿದು ತೊಡೆಗೆ ಹೊಡೆದೂ ಗೆದ್ದ. ಇಲ್ಲಿ ಅಂಥ ಗೆಲುವಿಗೆ ದಾರಿಯಿಲ್ಲ.

ಇಷ್ಟೆಲ್ಲ ಇದ್ದೂ ಈ ಬುದ್ಧಿಮಾತುಗಳಲ್ಲಿ ನನಗೆ ದೊಡ್ಡದೊಂದು ಖಾಲಿ ಜಾಗ ಕಾಣುತ್ತದೆ. ಇವು ಮನೆಯಲ್ಲಿ ಬಂದೂಕು ಇರುವವನಿಗೆ, ಪಕ್ಕದಲ್ಲಿ ನಿಂತು ತಿದ್ದುವ ಹಿರಿಯನಿರುವವನಿಗೆ ಹೇಳಿದ ಮಾತುಗಳು. ಕೊಡಗಿನಲ್ಲಿ ಅದು ನಡೆಯುತ್ತದೆ. ಅಲ್ಲಿ ನಾಟಿ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡುತ್ತಾರೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿ. ಹೆಣ್ಣುಮಕ್ಕಳೂ ಹೊಡೆಯುತ್ತಾರೆ. ಅಲ್ಲಿ ಹೊಸಬನಿಗೆ ಪುಸ್ತಕ ಬೇಕಿಲ್ಲ; ಕೋವಿ ಎತ್ತಿದ ಭುಜವನ್ನು ಹಿಂದಿನಿಂದ ಯಾರೋ ಒಂದಿಷ್ಟು ಒತ್ತಿ ಸರಿಮಾಡುತ್ತಾರೆ.

ನಮ್ಮ ಕಡೆಯೂ ಅಂಥ ಮನೆಗಳಿದ್ದವು. ಹಲಗಲಿಯ ಬೇಡರಿಗೆ ಆಯುಧವೆಂದರೆ ಬೇಟೆ, ಬದುಕು. ಬ್ರಿಟಿಷ್ ಸರಕಾರದ 1857ರ ನಿಶ್ಶಸ್ತ್ರೀಕರಣ ಕಾಯಿದೆ ಬಂದು ಆಯುಧ ಒಪ್ಪಿಸಿ ಎಂದಾಗ ಅವರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು. ಆ ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು, ಮುಧೋಳದಲ್ಲಿ ಕೆಲವರನ್ನು, ಹಲಗಲಿಯಲ್ಲೇ ಉಳಿದವರನ್ನು. ನಾಲ್ಕು ವರ್ಷದೊಳಗೆ, 1861ರಲ್ಲಿ, ಅದೇ ಸರಕಾರ ಕೊಡಗಿನವರಿಗೆ ವಿನಾಯಿತಿ ಕೊಟ್ಟಿತು. ಸರಕಾರಕ್ಕೆ ನಿಷ್ಠರಾಗಿದ್ದುದಕ್ಕೆ ಸಂದ ಉಡುಗೊರೆ ಅದು. ಅಲ್ಲಿ ಕೋವಿ ಹಬ್ಬಕ್ಕೆ ಉಳಿಯಿತು, ಇಲ್ಲಿ ಲಾವಣಿಗೆ ಹೋಯಿತು. ಖಂಡೇನವಮಿ ದಿನ ನಮ್ಮಲ್ಲಿ ಪೂಜೆಗೆ ಕೂರುವುದು ಕುಡುಗೋಲು, ಕೊಡಲಿ, ಟ್ರ್ಯಾಕ್ಟರು.

ಹಾಗೆಂದು ಜಮಖಂಡಿಯ ಹುಡುಗ ಹುಡುಗಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಸ್ಪರ್ಧೆಯ 4.5 ಮಿ.ಮೀ. ಏರ್ ರೈಫಲ್, ಅದರ ಬಲ 20 ಜೂಲ್ ದಾಟದಿದ್ದರೆ, ಲೈಸೆನ್ಸ್ ಕೇಳುವುದಿಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಈ ಹತ್ತು ಮೀಟರ್ ಆಟದಲ್ಲೇ. ಆದರೆ ಭುಜ ಸರಿಮಾಡುವ ಕೈ? ಕುಸ್ತಿಗೆ ತಾಲೀಮು ಇದೆ, ಉಸ್ತಾದರಿದ್ದಾರೆ, ಹೊಸಬನಿಗೆ ಮೊದಲು ಬೀಳುವುದನ್ನೇ ಕಲಿಸುವ ರೂಢಿಯಿದೆ. ಗುರಿ ಆಟಕ್ಕೆ ಆ ಕೈ ಸಿಗಬೇಕಾದರೆ ದೊಡ್ಡ ಊರಿಗೇ ಹೋಗಬೇಕು. ಅಲ್ಲಿಯವರೆಗೆ ಉಳಿಯುವ ಗುರು ಪುಗ್ಗಾ ಅಂಗಡಿಯವನೇ.

ಈ ಸಲದ ಜಾತ್ರೆಯಲ್ಲಿ ಅವನ ಏರ್‌ಗನ್ನು ಕೈಗೆ ತೆಗೆದುಕೊಂಡು ನಳಿಗೆಯ ತುದಿ ನೋಡಿದೆ. ಮುಂದಿನ ಗುರಿಮೊಳೆ ಎಡಕ್ಕೆ ವಾಲಿತ್ತು, ಕಣ್ಣಿಗೆ ಕಾಣುವಷ್ಟು. “ಇದನ್ನ ಸೀದಾ ಮಾಡಬಾರದೇನಪಾ?” ಅಂದೆ. ಆತ ಛರ್ರಾ ಡಬ್ಬಿ ಅಲ್ಲಾಡಿಸುತ್ತ ನಕ್ಕ. “ಅದು ಸೀದಾ ಆದ್ರ ನನ್ನ ಹೊಟ್ಟಿ ಹೆಂಗ ನಡೀಬೇಕ್ರಿ ಸರ?” ಪಕ್ಕದಲ್ಲಿ ಹತ್ತು ವರ್ಷದ ಹುಡುಗನೊಬ್ಬ ಐದೂ ಛರ್ರಾ ತಪ್ಪಿಸಿಕೊಂಡು, ತನ್ನ ಕಣ್ಣೇ ಸರಿಯಿಲ್ಲವೇನೋ ಎಂದು ಉಜ್ಜಿಕೊಳ್ಳುತ್ತಿದ್ದ.