ಮೂರು ಪದರದ ಕೌದಿಯ ಪರವಾಗಿ

ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಮನೆಯ ಹಜಾರವನ್ನೇ ಬೇಬಿ ಸಿಟ್ಟಿಂಗ್ ಮಾಡಿಕೊಂಡ ಹೆಂಗಸರಿಗೆ ಇವತ್ತು ಸಿಗುವ ಸಲಹೆ ಒಂದೇ: ರೆಕ್ಸಿನ್ ಹೊದಿಸಿದ, ಮಡಚುವ ಫೋಮ್ ಹಾಸಿಗೆ ತಗೊಳ್ಳಿ. ಅಂಗಡಿಯವರು ಅದನ್ನೇ ತೋರಿಸುತ್ತಾರೆ, ಮಗು ಬಿಡಲು ಬರುವ ತಾಯಂದಿರ ಕಣ್ಣೂ ಮೊದಲು ಅದನ್ನೇ ಹುಡುಕುತ್ತದೆ. ಗೊಂಬೆ ಚಿತ್ರದ ನೀಲಿ ಹಾಸಿಗೆ ಸಾಲಾಗಿ ಹಾಸಿದ್ದರೆ ಆ ಮನೆ ಶುಚಿಯ ಮನೆ ಎಂದು ತೀರ್ಮಾನವಾಗಿಬಿಡುತ್ತದೆ. ಈ ಹಾಸಿಗೆಗೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ಬಹಳ ದೊಡ್ಡದು ಎನ್ನುವುದು ನನ್ನ ತಕರಾರು. ಅದೇ ಮನೆಯ ಅಟ್ಟದ ಮೇಲೆ ಟ್ರಂಕಿನಲ್ಲಿ ಬಿದ್ದಿರುವ ತೆಳು ಕೌದಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ ಎನ್ನುವುದು ಅದರ ಜೊತೆಗಿನ ನೋವು.

ಮನೆಯಲ್ಲಿ ಮಗು ನೋಡಿಕೊಳ್ಳುವ ಅಜ್ಜಿ ಏಕಿಲ್ಲ ಎನ್ನುವ ಕಥೆ ಎಲ್ಲರಿಗೂ ಗೊತ್ತು. ತಾಯಿ ಶಾಲೆಗೋ ಬ್ಯಾಂಕಿಗೋ ಹೋಗುತ್ತಾಳೆ, ತರೀಕೆರೆ ಕಡೆ ಅಡಿಕೆ ಸುಲಿಯಲು, ಅಜ್ಜಂಪುರ ಕಡೆ ಈರುಳ್ಳಿ ಕೀಳಲು ಹೋಗುತ್ತಾಳೆ. ಮಧ್ಯಾಹ್ನ ಅನ್ನ ಸಾರು ಉಣಿಸಿದ ಮೇಲೆ ಒಂದೂವರೆ ಗಂಟೆ ಮಗು ಎಲ್ಲಿ ಮಲಗುತ್ತದೆ ಎನ್ನುವುದಷ್ಟೇ ಇಲ್ಲಿನ ಪ್ರಶ್ನೆ.

ಫೋಮ್ ಹಾಸಿಗೆಯ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಅದು ಹಗುರ, ಮಡಚಿ ಗೋಡೆಗೆ ಒರಗಿಸಬಹುದು, ಉಚ್ಚೆ ಬಿದ್ದ ತಕ್ಷಣ ಒರೆಸಿದರೆ ಮೇಲ್ಮೈ ಶುದ್ಧ. ಆದರೆ ಉಚ್ಚೆ ಮೇಲ್ಮೈಯಲ್ಲೇ ನಿಲ್ಲುವುದಿಲ್ಲ. ರೆಕ್ಸಿನ್ ಹೊಲಿದ ಕಡೆ ಸೂಜಿಯ ತೂತುಗಳಿವೆ, ಅಂಚಿನಲ್ಲಿ ಜಿಪ್ ಇದೆ. ಅಲ್ಲಿಂದ ಒಳಗಿಳಿದದ್ದು ಸ್ಪಂಜಿನಲ್ಲಿ ಉಳಿಯುತ್ತದೆ, ಕೆಲವು ವಾರಗಳಲ್ಲಿ ಇಡೀ ಹಜಾರ ಕಮಟು ವಾಸನೆ ಹೊಡೆಯುತ್ತದೆ. ಸ್ಪಂಜನ್ನು ಒಗೆಯಲು ಹೋದರೆ ದಿನಗಟ್ಟಲೆ ಒಣಗುವುದಿಲ್ಲ. ಇನ್ನು ಮಾರ್ಚ್, ಏಪ್ರಿಲ್‌ನ ಕಡೂರು ಸೆಕೆಯಲ್ಲಿ ಮಗುವಿನ ಬೆನ್ನು ರೆಕ್ಸಿನ್‌ಗೆ ಅಂಟಿಕೊಳ್ಳುತ್ತದೆ. ಬೆವರು ಇಂಗಲು ಜಾಗವಿಲ್ಲ, ಬೆವರುಸಾಲೆ ಏಳುತ್ತದೆ. ಬಾಗಿಲಲ್ಲಿ ನಿಂತು ನೋಡುವ ದೊಡ್ಡವರಿಗೆ ಹೊಂದುವ ಹಾಸಿಗೆ ಇದು, ಅದರ ಮೇಲೆ ಮಲಗುವವರಿಗಲ್ಲ.

ಹಾಸಿಗೆ ಆರಿಸುವವರು ಕೇಳಬೇಕಾದ ಮೊದಲ ಪ್ರಶ್ನೆ ಅದು ಎಷ್ಟು ಮೆತ್ತಗಿದೆ ಎಂದಲ್ಲ, ನಾಳೆ ಮಧ್ಯಾಹ್ನದೊಳಗೆ ಒಣಗುತ್ತದೆಯೇ ಎಂದು. ಇದಕ್ಕೆ ಮೂರು ಊರಿನಲ್ಲೂ ಒಂದೇ ಉತ್ತರವಿಲ್ಲ. ಕಡೂರು, ಅಜ್ಜಂಪುರ ಬಯಲುಸೀಮೆ. ಬಿಸಿಲಿಗೆ ಹರವಿದ್ದು ಸಂಜೆಯೊಳಗೆ ಗರಿಗರಿಯಾಗುತ್ತದೆ. ಲಕ್ಕವಳ್ಳಿ, ಭದ್ರಾ ಅಣೆಕಟ್ಟೆಯ ಕಡೆಗೆ ಸರಿದಂತೆ ಮಲೆನಾಡು ಶುರು. ಆಷಾಢದ ಜಡಿಮಳೆಯಲ್ಲಿ ತರೀಕೆರೆ ಸೀಮೆಯ ಮನೆಗಳಲ್ಲಿ ದಪ್ಪ ಬಟ್ಟೆ ಮೂರು ದಿನವಾದರೂ ತೇವ ಬಿಡುವುದಿಲ್ಲ. ಆದ್ದರಿಂದ ಕೌದಿಯೇ ಬೇಕು ಎಂದರೆ ಸಾಲದು, ಎಂಥ ಕೌದಿ ಎಂದು ಹೇಳಬೇಕು. ಕೌದಿಯನ್ನು ಹೊಗಳುವವರು ಇದೊಂದನ್ನು ಬಿಟ್ಟು ಬೇರೆಲ್ಲವನ್ನೂ ಹೇಳುತ್ತಾರೆ.

ಐದಾರು ಸೀರೆ ಒಳಗಿಟ್ಟು ಹೊಲಿದ, ಮದುವೆಗೋ ಬಾಣಂತನಕ್ಕೋ ಕೊಡುವ ದಪ್ಪ ಕೌದಿ ಇಲ್ಲಿ ಕೆಲಸಕ್ಕೆ ಬಾರದು. ನೆನೆದರೆ ಒಬ್ಬ ಹೆಂಗಸು ಅದನ್ನು ಹಿಂಡಲಾರಳು. ಬೇಕಾದದ್ದು ಮೂರೇ ಪದರ. ಐದೂವರೆ ಮೀಟರಿನ ಹಳೆಯ ಹತ್ತಿ ಸೀರೆಯನ್ನು ಮುಕ್ಕಾಲು ಮೀಟರಿನಂತೆ ಅಡ್ಡಡ್ಡ ಕತ್ತರಿಸಿದರೆ ಏಳು ತುಂಡು ಬರುತ್ತವೆ. ಸೀರೆಯ ಪನ್ನವೇ ಕೌದಿಯ ಉದ್ದವಾಗುತ್ತದೆ, ನಾಲ್ಕಡಿಗೆ ಸ್ವಲ್ಪ ಕಡಿಮೆ. ಮೂರು ವರ್ಷದ ಮಗುವಿಗೆ ಧಾರಾಳ. ಒಂದು ಸೀರೆಗೆ ಎರಡು ಕೌದಿ, ಮಿಕ್ಕ ಏಳನೆಯ ತುಂಡು ತೇಪೆಗೆ.

ಇನ್ನು ಹೊಲಿಗೆ. ಕೌದಿಯ ಒಳ್ಳೆಯದು ಕೆಟ್ಟದ್ದೆಲ್ಲ ಇರುವುದು ಇಲ್ಲಿ, ಸಾಲಿಗೂ ಸಾಲಿಗೂ ನಡುವಿನ ಅಂತರದಲ್ಲಿ. ಸಾಲುಗಳು ನಾಲ್ಕು ಬೆರಳು ದೂರ ಬಿದ್ದರೆ, ಹತ್ತಾರು ಒಗೆತದಲ್ಲಿ ನಡುವಿನ ಪದರ ಸರಿದು ಒಂದು ಕಡೆ ಮುದ್ದೆಯಾಗುತ್ತದೆ. ದೊಡ್ಡವರು ಅದರ ಮೇಲೆ ಹೊರಳಿ ಮಗ್ಗುಲು ಬದಲಿಸುತ್ತಾರೆ. ಎರಡು ವರ್ಷದ ಮಗುವಿನ ಬೆನ್ನಿಗೆ ಅದೇ ಗಂಟು ಒತ್ತಿ ನಿದ್ದೆ ಕೆಡುತ್ತದೆ, ಏಕೆ ಅಳುತ್ತದೆ ಎಂದು ಯಾರಿಗೂ ತಿಳಿಯುವುದಿಲ್ಲ. ಸಾಲುಗಳನ್ನು ತೀರ ಒತ್ತಾಗಿ ಹಾಕಿದರೆ ಬೇರೆ ತೊಂದರೆ. ಪದರಗಳ ನಡುವೆ ಗಾಳಿಯಾಡುವುದಿಲ್ಲ, ಒಣಗುವುದು ತಡವಾಗುತ್ತದೆ. ಹಳೆಯ ಬಟ್ಟೆಯಲ್ಲಿ ಸೂಜಿ ಮತ್ತೆ ಮತ್ತೆ ಚುಚ್ಚಿದ ಗೆರೆಯ ಉದ್ದಕ್ಕೂ ಸೀಳು ಬಿಡುತ್ತದೆ. ಎರಡು ಬೆರಳಿನ ಅಂತರ ಸರಿ ಎಂದು ನನ್ನ ನಿಲುವು.

ಸಾಲಿನ ದಿಕ್ಕೂ ಮುಖ್ಯ. ಅಂಚಿನಿಂದ ಶುರುಮಾಡಿ ಸುತ್ತುತ್ತ ಒಳಗೆ ಬರುವ ಪದ್ಧತಿಯಲ್ಲಿ ಮಿಕ್ಕ ಬಟ್ಟೆಯೆಲ್ಲ ನಡುವಿಗೆ ತಳ್ಳಿಸಿಕೊಂಡು ಬರುತ್ತದೆ, ಕೈ ಪಳಗದವರ ಕೌದಿ ಹೊಟ್ಟೆ ಉಬ್ಬಿಸಿಕೊಂಡು ಕೂರುತ್ತದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೀಗೆ ಸುತ್ತಿ ಹೊಲಿದೂ ಸಪಾಟಾಗಿ ತರುತ್ತಾರೆ; ಅದು ವರ್ಷಗಟ್ಟಲೆ ಕೂತು ಗಳಿಸಿದ ಹದ. ಆ ಹದ ಇಲ್ಲದವರು ಮಧ್ಯದಿಂದ ಅಂಚಿಗೆ, ಉದ್ದುದ್ದ ನೇರ ಸಾಲು ಹಾಕುವುದೇ ಮೇಲು. ಹೊಲಿಗೆಯಂತೂ ಎರಡೂ ಮಗ್ಗುಲಲ್ಲಿ ಅಕ್ಕಿಕಾಳಿಗಿಂತ ಉದ್ದ ಇರಕೂಡದು. ಇದು ಅಂದದ ಮಾತಲ್ಲ. ಉದ್ದ ಹೊಲಿಗೆ ಸಡಿಲವಾದಾಗ ದಾರ ಕುಣಿಕೆಯಾಗಿ ಮೇಲೇಳುತ್ತದೆ. ಎಳೆಯ ಮಗುವಿನ ಕಾಲ್ಬೆರಳಿಗೆ ಕೂದಲೋ ದಾರವೋ ಸುತ್ತಿಕೊಂಡು ರಕ್ತ ಸಂಚಾರ ನಿಲ್ಲುವ ಅಪಾಯ ಮಕ್ಕಳ ವೈದ್ಯರಿಗೆ ಚೆನ್ನಾಗಿ ಗೊತ್ತು; ಬೇಗ ಗಮನಕ್ಕೆ ಬಾರದಿದ್ದರೆ ಬೆರಳೇ ಹೋಗಬಹುದು. ಆದ್ದರಿಂದ ಬೇಬಿ ಸಿಟ್ಟಿಂಗ್ ನಡೆಸುವವರು ಪ್ರತಿ ಒಗೆತದ ನಂತರ ಕೌದಿಯ ಮೇಲೆ ಅಂಗೈ ಆಡಿಸಿ ನೋಡಬೇಕು, ಎದ್ದ ದಾರವನ್ನು ಕತ್ತರಿಸಬೇಕು.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣ, ಕೌದಿಯ ಬಗ್ಗೆ ಬರೆಯುವವರ ಜೊತೆ ನನಗಿರುವ ಜಗಳ. ಪುರವಣಿಗಳಲ್ಲಿ ಕೌದಿ ಎಂದರೆ ಅಜ್ಜಿಯ ಮಡಿಲು, ನೆನಪಿನ ತುಣುಕು, ಬಣ್ಣಗಳ ಹಬ್ಬ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಸಿದ್ದಿ ಕೌದಿಗಳನ್ನು ನ್ಯೂಯಾರ್ಕಿನ ಪ್ರದರ್ಶನಕ್ಕೆ ಒಯ್ದದ್ದು ದೊಡ್ಡ ಕೆಲಸ, ಆ ಹೆಂಗಸರಿಗೆ ಸಲ್ಲಬೇಕಾದ ಗೌರವ. ಆದರೆ ಅದರ ನಂತರ ನಮ್ಮಲ್ಲಿ ಕೌದಿಯನ್ನು ಗೋಡೆಗೆ ತೂಗುಹಾಕಿ ನೋಡುವ ಬರವಣಿಗೆಯೇ ಹೆಚ್ಚಾಯಿತು. ಗೋಡೆಯ ಮೇಲಿನ ಕೌದಿಗೆ ಉಚ್ಚೆ ಬೀಳುವುದಿಲ್ಲ, ಅದನ್ನು ಕುದಿನೀರಿನಲ್ಲಿ ಅದ್ದಬೇಕಿಲ್ಲ. ಅದರ ಬಣ್ಣ ಸಂಯೋಜನೆಯನ್ನು ಎರಡು ಪುಟ ವರ್ಣಿಸುವವರು ಒಳಗಿರುವ ಬಟ್ಟೆ ಯಾವುದು ಎಂದು ಒಂದು ಸಾಲೂ ಬರೆಯುವುದಿಲ್ಲ. ಇವತ್ತಿನ ನಿಜವಾದ ಕುಸಿತ ಇರುವುದೇ ಅಲ್ಲಿ. ಮನೆಗಳಲ್ಲಿ ಹಳೆಯ ಹತ್ತಿ ಸೀರೆ ಮುಗಿಯುತ್ತ ಬಂದಿದೆ. ಪಾಲಿಯೆಸ್ಟರ್ ಸೀರೆ ಒಳಗಿಟ್ಟು ಹೊಲಿದ ಕೌದಿ ನೋಡಲು ಹಾಗೇ ಇರುತ್ತದೆ, ಆದರೆ ಅದು ಉಚ್ಚೆ ಹೀರುವುದಿಲ್ಲ, ಬೆವರು ಕುಡಿಯುವುದಿಲ್ಲ, ನಯವಾದ ನೆಲದ ಮೇಲೆ ಜಾರುತ್ತದೆ. ರೆಕ್ಸಿನ್ ಬಗ್ಗೆ ನನ್ನ ದೂರೆಲ್ಲ ಅದಕ್ಕೂ ಸಲ್ಲುತ್ತದೆ. ಕನ್ನಡಿ, ಮಣಿ, ನಾಣ್ಯ ಹೊಲಿದ ಲಂಬಾಣಿ ಕೆಲಸದ ಚೆಲುವು ನಮ್ಮ ತಾಂಡಾಗಳ ಹೆಮ್ಮೆ. ಕಿತ್ತು ಬಾಯಿಗಿಟ್ಟುಕೊಳ್ಳುವ ವಯಸ್ಸಿನ ಮಕ್ಕಳ ಕೆಳಗೆ ಅದು ಬೇಡ.

ಇದೇ ಭಾವುಕತೆ ಅಪಾಯವಾಗುವುದು ಎಳೆಗೂಸಿನ ವಿಷಯದಲ್ಲಿ. ಒಂದು ವರ್ಷದೊಳಗಿನ ಕೂಸನ್ನೂ ಒಪ್ಪಿಕೊಳ್ಳುವ ಮನೆಗಳಿವೆ. ಆ ಕೂಸಿಗೆ ಕೌದಿ ಹಾಸುವುದೂ ಬೇಡ, ಹೊದಿಸುವುದೂ ಬೇಡ. ಗಟ್ಟಿಯಾದ ಸಪಾಟು ಹಾಸು, ಅದರ ಮೇಲೆ ಬಿಗಿದು ಅಂಚು ಕೆಳಗೆ ಸಿಕ್ಕಿಸಿದ ಒಂಟಿ ಪಂಚೆ, ಕೂಸು ಅಂಗಾತ. ಅಮೆರಿಕದಲ್ಲಿ 1994ರಿಂದ ಕೂಸನ್ನು ಬೆನ್ನಿನ ಮೇಲೆ ಮಲಗಿಸಿ ಎಂಬ ಪ್ರಚಾರ ನಡೆದ ಮೇಲೆ ಸುಮಾರು ಹತ್ತು ವರ್ಷಗಳಲ್ಲಿ ನಿದ್ದೆಯಲ್ಲಿನ ಹಠಾತ್ ಶಿಶುಮರಣ ಅರ್ಧದಷ್ಟು ಇಳಿಯಿತು. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ದಿಂಬು, ದುಪ್ಪಟಿ, ಮೆತ್ತನೆಯದು ಯಾವುದೂ ಕೂಸಿನ ಬಳಿ ಬೇಡ ಎನ್ನುತ್ತದೆ. ತಲೆ ಗುಂಡಗಾಗಲಿ ಎಂದು ನಾವು ಇಡುವ ಸಾಸಿವೆ ದಿಂಬು, ರಾಗಿ ದಿಂಬು ಕೂಡ ಈ ಪಟ್ಟಿಯಲ್ಲಿ ಸೇರುತ್ತವೆ. ಬೇರೆಯವರ ಕೂಸು ನಮ್ಮ ಸುಪರ್ದಿನಲ್ಲಿರುವಾಗ ರೂಢಿಯ ಹೆಸರು ಹೇಳಿ ಇದನ್ನು ತಳ್ಳಿಹಾಕುವ ಹಕ್ಕು ನಮಗಿಲ್ಲ.

ಕಂಬಳಿಯ ಪಕ್ಷದವರಿಗೂ ಒಂದು ಮಾತು. ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡಿದ ಕುರಿ ಉಣ್ಣೆಯ ಕಂಬಳಿ ಮಕ್ಕಳ ಚರ್ಮಕ್ಕೆ ಒರಟು, ಪದೇಪದೇ ಒಗೆಯುವ ವಸ್ತುವೂ ಅಲ್ಲ. ಆದರೆ ಪುಷ್ಯ ಮಾಸದ ಚಳಿಯಲ್ಲಿ ಟೈಲ್ಸ್ ನೆಲ ಕೊರೆಯುವಾಗ ಎಲ್ಲಕ್ಕಿಂತ ಕೆಳಗೆ ಕಂಬಳಿ, ಅದರ ಮೇಲೆ ರಬ್ಬರ್ ಶೀಟ್, ಮೇಲೆ ಕೌದಿ ಎಂದರೆ ನಾನು ಒಪ್ಪುತ್ತೇನೆ. ಉಳಿದ ಕಾಲಕ್ಕೆ ಕಂಬಳಿಯ ಜಾಗದಲ್ಲಿ ಈಚಲು ಚಾಪೆ ಸಾಕು. ಜಮಖಾನ ಕೂರಲು ಸರಿ, ಮಲಗಲು ಬೇಡ, ಧೂಳು ಹಿಡಿದಿಡುತ್ತದೆ.

ಒಂದು ಮಗುವಿಗೆ ಒಂದೇ ಕೌದಿ, ಒಗೆದಾಗ ಹಾಸಲು ಅದರದ್ದೇ ಇನ್ನೊಂದು. ಇದರಲ್ಲಿ ರಾಜಿಯಿಲ್ಲ. ಕಜ್ಜಿಯ ಹುಳು ಮೈಬಿಟ್ಟ ಮೇಲೂ ಎರಡು ಮೂರು ದಿನ ಬಟ್ಟೆಯಲ್ಲಿ ಬದುಕಿರುತ್ತದೆ. ಇವತ್ತು ಒಬ್ಬಳು ಮಲಗಿದ್ದರ ಮೇಲೆ ನಾಳೆ ಇನ್ನೊಬ್ಬ ಮಲಗಿದರೆ ಇಡೀ ಹಜಾರ ಕೆರೆದುಕೊಳ್ಳುತ್ತದೆ. ಓದು ಬಾರದ ಮಗುವೂ ಗುರುತಿಸುವಂತೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಅಂಚು ಕಟ್ಟಬಹುದು. ಏಳನೆಯ ತುಂಡಿನ ಇನ್ನೊಂದು ಉಪಯೋಗ ಇದು. ಬಚ್ಚಲ ಹಂಡೆಯ ಬಿಸಿನೀರು, ಆಮೇಲೆ ಬಿಸಿಲು; ಫೋಮ್‌ಗೆ ಈ ಎರಡೂ ಆಗದು. ಹಾಸಿಗೆಗಳ ನಡುವೆ ಮೂರಡಿ ಇರಲಿ ಎನ್ನುವುದು ಅಮೆರಿಕದ ಶಿಶುಪಾಲನಾ ಮಾನದಂಡ. ನಮ್ಮ ಹಜಾರಗಳಲ್ಲಿ ಅಷ್ಟು ಜಾಗ ಸಿಗದಿದ್ದರೆ ಒಬ್ಬರ ತಲೆಯ ಕಡೆ ಇನ್ನೊಬ್ಬರ ಕಾಲು ಬರುವಂತೆ ಮಲಗಿಸಲಿ, ಒಬ್ಬರ ಕೆಮ್ಮು ಇನ್ನೊಬ್ಬರ ಮುಖಕ್ಕೆ ನೇರ ಬೀಳದು.

ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ ಕೂಸಿನ ಮನೆ ಯೋಜನೆ ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ, 4,000 ಗ್ರಾಮ ಪಂಚಾಯಿತಿಗಳನ್ನು ಗುರಿಯಾಗಿಟ್ಟುಕೊಂಡದ್ದು. ಅಲ್ಲಿಗೂ ಹಾಸಿಗೆ ಬೇಕು. ಅದರ ಖರೀದಿಯಲ್ಲಿ ಮಡಚುವ ಫೋಮ್ ಎಂದು ಬರೆಯುವ ಬದಲು ಮೂರು ಪದರದ ಹತ್ತಿ ಕೌದಿ, ಸಾಲಿನ ಅಂತರ ಎರಡು ಬೆರಳು, ಮಣಿ ಕನ್ನಡಿ ಇಲ್ಲದ್ದು, ಮಗುವಿಗೆ ಎರಡರಂತೆ, ಒಂದು ವರ್ಷ ಮೇಲ್ಪಟ್ಟವರಿಗೆ ಮಾತ್ರ ಎಂದು ಬರೆಯಲಿ. ಸಂಜೀವಿನಿ ಸ್ವಸಹಾಯ ಗುಂಪುಗಳ ಹೆಂಗಸರು ಅದನ್ನು ಹೊಲಿಯಬಲ್ಲರು. ಹಳೆಯ ಹತ್ತಿ ಸೀರೆ ಸಿಗದ ಕಡೆ ಹೊಸ ಕೋರಾ ಬಟ್ಟೆ ತಂದು, ಕುಗ್ಗುವಷ್ಟು ಕುಗ್ಗಲಿ ಎಂದು ಎರಡು ಬಾರಿ ಬಿಸಿನೀರಿನಲ್ಲಿ ಒಗೆದು ಹೊಲಿಯಲಿ. ಕೂಲಿಯನ್ನು ತುಂಡಿನ ಲೆಕ್ಕದಲ್ಲಿ ಕೊಟ್ಟರೆ ಹೊಲಿಗೆ ಉದ್ದವಾಗುತ್ತದೆ, ಸಾಲು ದೂರವಾಗುತ್ತದೆ; ಕೂತ ದಿನದ ಲೆಕ್ಕದಲ್ಲಿ ಕೊಡಲಿ.