ಬಳೆಗಾರನ ಕೈಲಿ ಕಳಿಸಿದ ಸಮಾಚಾರ



'ಭಾಗ್ಯದ ಬಳೆಗಾರ' ಹಾಡನ್ನು ಕೇಳದ ಕನ್ನಡಿಗರು ವಿರಳ. ಇಲ್ಲಿ ಮಲೇಷ್ಯಾದಲ್ಲಿ ನಾಲ್ಕು ಮಂದಿ ಕನ್ನಡದವರು ಸೇರಿದರೂ ಯಾರಾದರೊಬ್ಬರು ಅದನ್ನು ಶುರುಮಾಡುತ್ತಾರೆ, ಉಳಿದವರು ದನಿಗೂಡಿಸುತ್ತಾರೆ. ತವರಿನ ಹಂಬಲದ ಹಾಡು ಎಂದು ಹೆಸರಿಟ್ಟು, ಪರದೇಶದಲ್ಲಿರುವ ನಮ್ಮೆಲ್ಲರ ಹಾಡೂ ಇದೇ ಎಂದುಕೊಂಡು ಕಣ್ಣು ತೇವ ಮಾಡಿಕೊಳ್ಳುತ್ತೇವೆ. ಈ ಓದು ಆ ಹೆಣ್ಣುಮಗಳಿಗೆ ಅನ್ಯಾಯ ಮಾಡುತ್ತದೆ ಎಂಬುದು ನಮ್ಮ ಅನಿಸಿಕೆ. ಹಂಬಲ ಅದರಲ್ಲಿ ಇದ್ದೇ ಇದೆ. ಆದರೆ ಅದಕ್ಕಿಂತ ಮೊದಲು ಅದು ಮಗಳು ತಾಯಿಗೆ ಕಳಿಸಿದ ಓಲೆ. ಉತ್ತರ ಬೇಡುವ ಓಲೆ.

ಜನಪದ ಹಾಡುಗಳಿಗೆ ಇಸವಿ ಇರುವುದಿಲ್ಲ. ಆದರೂ ಈ ಹಾಡನ್ನು ಹತ್ತೊಂಬತ್ತನೇ ಶತಮಾನದ ನಮ್ಮ ಹಳ್ಳಿಯಲ್ಲಿಟ್ಟು ನೋಡಿದರೆ ಅದರ ಕೆಲಸ ಏನೆಂದು ತಿಳಿಯುತ್ತದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟದ್ದು 1843ರಲ್ಲಿ. ಕಾಲಾಣೆಯ ಪೋಸ್ಟ್ ಕಾರ್ಡು ಬಂದದ್ದು 1879ರಲ್ಲಿ. ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ಆರಂಭವಾದದ್ದು 1881ರಲ್ಲಿ. ಇಷ್ಟೆಲ್ಲ ಆದಮೇಲೂ, 1901ರ ಜನಗಣತಿಯ ಪ್ರಕಾರ, ಭಾರತದ ಸಾವಿರ ಹೆಂಗಸರಲ್ಲಿ ಓದು ಬರಹ ಬಲ್ಲವರು ಸುಮಾರು ಏಳು ಮಂದಿ. ಮದುವೆಯಾಗಿ ಹತ್ತು ಹರದಾರಿ ಆಚೆ ಹೋದ ಹುಡುಗಿಗೆ ಕಾರ್ಡು ಬಂದಿತೆಂದರೆ, ತವರಿನಲ್ಲಿ ಯಾರೋ ಗಂಡಸು ಅದನ್ನು ಬರೆದಿರಬೇಕು. ಇಲ್ಲಿ ಮತ್ತೊಬ್ಬ ಗಂಡಸು ಪಡಸಾಲೆಯಲ್ಲಿ ನಿಂತು ಎಲ್ಲರೆದುರು ಓದಬೇಕು. ತಾಯಿ ಮಗಳಿಗೆ ಹೇಳುವ ಮಾತು ಅದರಲ್ಲಿ ಎಷ್ಟು ಉಳಿದೀತು?

ಹಾಗಾದರೆ ಸುದ್ದಿ ಹೇಗೆ ಹೋಗುತ್ತಿತ್ತು? ನಾಗರ ಪಂಚಮಿಗೆ ಕರೆಯಲು ಬಂದ ಅಣ್ಣನ ಜೊತೆ, ಗೌರಿ ಹಬ್ಬಕ್ಕೆ ತವರಿನಿಂದ ಬಂದ ಬಾಗಿನದ ಜೊತೆ, ಸಂತೆಯಲ್ಲಿ ಸಿಕ್ಕ ತವರೂರವರ ಬಾಯಲ್ಲಿ. ಇವರೆಲ್ಲರ ನಡುವೆ ಬಳೆಗಾರನದು ವಿಶೇಷ ಸ್ಥಾನ. ಮಲಾರ ಹೊತ್ತು ಊರೂರು ತಿರುಗುವ ಅವನು ಒಳಗಿನವರೆಗೂ ಬರಬಹುದಾಗಿದ್ದ ಪರ ಗಂಡಸು. ಹೆಂಗಸಿನ ಕೈ ಹಿಡಿದು ಬಳೆ ತೊಡಿಸಬಹುದಾಗಿದ್ದವನು. ಈ ಊರಿನ ಹೊಸಿಲಿನಲ್ಲಿ ಕೂತವನು ನಾಳೆ ತವರಿನ ಹೊಸಿಲಿನಲ್ಲೂ ಕೂರಬಲ್ಲ.

ಈಗ ಹಾಡನ್ನು ಮತ್ತೆ ಗಮನಿಸಿ. ತವರಿಗೆ ಹೋಗಿ ಬರಲು ಅವಳು ಕೇಳುತ್ತಾಳೆ. ದಾರಿ ಗೊತ್ತಿಲ್ಲ ಅನ್ನುತ್ತಾನೆ ಅವನು. ಅವಳು ದಾರಿ ಹೇಳುತ್ತಾಳೆ: ಬಲಕ್ಕೆ ಬಾಳೆ, ಎಡಕ್ಕೆ ಸೀಬೆ, ಹಂಚಿನ ಮನೆ, ಕಂಚಿನ ಕದ, ಗಿಳಿಗಳು, ಆಲೆ, ಗಾಣ, ನವಿಲು. ಕೊನೆಗೆ ಪಗಡೆ ಆಡುತ್ತಿರುವ ತಾಯಿಯ ಗುರುತು. ಆ ತಾಯಿಗೆ ಇಷ್ಟವಾದ ಕೆಂಪು ಬಳೆ, ಹಸಿರು ಗೀರಿನ ಬಳೆ ಒಯ್ಯಲು ಹೇಳುತ್ತಾಳೆ. ಇಡೀ ಹಾಡಿನಲ್ಲಿ ತನ್ನ ಗಂಡನ ಮನೆಯ ಬಗ್ಗೆ, ತನ್ನ ಸುಖದುಃಖದ ಬಗ್ಗೆ ಒಂದು ಮಾತೂ ಇಲ್ಲ! ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ವಿಳಾಸವೆಲ್ಲ ತುಂಬಿದೆ, ಒಳಗೆ ಖಾಲಿ ಇರುವ ಈಮೇಲು.

ಆದರೆ ಖಾಲಿ ಹೌದೇ? ಇಲ್ಲಿನ ಮಲಯ್ ನೆರೆಯವರ 'ಪಂತುನ್' ನಮಗೆ ನೆನಪಾಗುತ್ತದೆ. ಅದರಲ್ಲಿ ಮೊದಲೆರಡು ಸಾಲು ಹೂವು, ಹಕ್ಕಿ, ಹೊಳೆ ಅಂತ ಏನನ್ನೋ ತೋರಿಸುತ್ತವೆ. ಆಡಬೇಕಾದ ಮಾತು ಕೊನೆಯ ಎರಡು ಸಾಲಿಗೆ ಬರುತ್ತದೆ. ನಮ್ಮ ಹೆಣ್ಣುಮಗಳು ತೋರಿಸುವುದನ್ನಷ್ಟೇ ತೋರಿಸಿ ನಿಲ್ಲಿಸುತ್ತಾಳೆ. ಒಳಗೆ ಅತ್ತೆ ಕೇಳಿಸಿಕೊಳ್ಳುತ್ತಿದ್ದಾಳಲ್ಲ! ಆಡದ ಮಾತನ್ನು ಹಡೆದವಳೇ ತುಂಬಿಕೊಳ್ಳಬೇಕು. ಮಗಳು ದಾರಿಯ ಒಂದೊಂದು ಮರವನ್ನೂ ಮರೆತಿಲ್ಲ ಎಂದರೆ ಅವಳು ಹೇಗಿದ್ದಾಳೆ ಎಂದು ತಾಯಿಗೆ ಬಿಡಿಸಿ ಹೇಳಬೇಕೆ? ಇನ್ನು ಆ ಬಳೆಗಳು. ಗಂಡ ತೀರಿಕೊಂಡರೆ ಬಳೆ ಒಡೆಯುತ್ತಿದ್ದ ಕಾಲ ಅದು. ತಾಯಿಗೆ ಹಸಿರು ಬಳೆ ತೊಡಿಸಿ ಬಾ ಎಂದರೆ, ಅಪ್ಪ ಇದ್ದಾನೆಯೇ ಎಂದು ಕೇಳಿದಂತೆ. ಬಳೆ ತೊಡಿಸಿ ಬಂದರೆ ಒಂದು ಉತ್ತರ, ಮಲಾರದಲ್ಲೇ ವಾಪಸು ಬಂದರೆ ಇನ್ನೊಂದು. ಅದಕ್ಕೇ ಅವನು ಹೋದರೆ ಸಾಲದು, ಮರಳಿ ಬರಬೇಕು.

ಇಷ್ಟೊಂದು ಅರ್ಥ ಹಾಡಿದವರ ಮನಸ್ಸಿನಲ್ಲಿತ್ತೇ ಎಂದು ನೀವು ಕೇಳಬಹುದು. ಕೇಳಿದವರಲ್ಲಿ ಖಂಡಿತ ಇತ್ತು ಎಂಬುದು ನಮ್ಮ ಉತ್ತರ. ಕೂಡಿ ಹಾಡುತ್ತಿದ್ದ ಹೆಂಗಸರಲ್ಲಿ ಪ್ರತಿಯೊಬ್ಬಳಿಗೂ ಒಂದು ತವರಿತ್ತು.

ಇದೇ ಬಳೆಗಾರ 1942ರ 'ಮೈಸೂರು ಮಲ್ಲಿಗೆ'ಗೆ ಬಂದಾಗ ಏನಾಯಿತು ನೋಡಿ. ಕೆ.ಎಸ್. ನರಸಿಂಹಸ್ವಾಮಿಯವರ ಚೆನ್ನಯ್ಯ ತವರಿಗೆ ಹೋಗಿರುವ ಹೆಂಡತಿಯ ಸುದ್ದಿ ತರುತ್ತಾನೆ. ಒಳಗೆ ಬರಲು ಅಪ್ಪಣೆ ಕೇಳುವುದು ಗಂಡನನ್ನು. ಸೊಗಸಾದ ಪದ್ಯ, ಅನುಮಾನವಿಲ್ಲ. ಆದರೆ ಹೆಣ್ಣಿನಿಂದ ಹೆಣ್ಣಿಗೆ ಹೋಗುತ್ತಿದ್ದ ಸುದ್ದಿ ಇಲ್ಲಿ ಗಂಡಿನ ಕಿವಿಗೆ ಬಂದು ನಿಂತಿತು. ದಾಂಪತ್ಯದ ಕವಿತೆಗೆ ಅದು ಸಹಜ. ಆದರೆ ತಾಯಿ ಮಗಳ ಗುಟ್ಟಿನ ಅಂಚೆ ಅದರಲ್ಲಿ ಕಾಣೆಯಾಯಿತು. 1931ರಲ್ಲಿ ಹಲಸಂಗಿ ಗೆಳೆಯರು ಬೀಸುವ ಕಲ್ಲಿನ ಹಾಡುಗಳನ್ನು 'ಗರತಿಯ ಹಾಡು' ಎಂದು ಪ್ರಕಟಿಸಿ ಉಪಕಾರ ಮಾಡಿದರು. ಆದರೆ ಆ ಹೆಸರಿನ ಜೊತೆ, ಗರತಿ ಎಂದರೆ ಎಲ್ಲವನ್ನೂ ಸಹಿಸಿ ಹಾಡಿಕೊಂಡಿರುವವಳು ಎಂಬ ಭಾವನೆಯೂ ನಮ್ಮಲ್ಲಿ ಬೇರೂರಿತು. ಸಹಿಸಿದ್ದನ್ನು ಅವಳು ಯಾರಿಗೆ, ಯಾವ ಉಪಾಯದಿಂದ ಮುಟ್ಟಿಸುತ್ತಿದ್ದಳು ಎಂದು ನಾವು ಕೇಳುವುದನ್ನೇ ಬಿಟ್ಟೆವು.

ಕೌಲಾಲಂಪುರದಿಂದ ಬೆಂಗಳೂರಿಗೆ ವಿಮಾನದಲ್ಲಿ ಸುಮಾರು ನಾಲ್ಕು ತಾಸು. ನಮ್ಮ ಊರ ನೆನಪಿಗೆ ಈ ಹಾಡು ಒದಗಿದರೆ ಒದಗಲಿ, ಬೇಡ ಎನ್ನುವುದಿಲ್ಲ. ಆದರೆ ಬಾಯಿಬಿಟ್ಟು ಹೇಳಲಾಗದವಳ ಹಾಡನ್ನು, ಏನನ್ನೂ ಹೇಳಬಲ್ಲ ನಾವು ಹಾಡುತ್ತಿದ್ದೇವೆ ಎಂಬುದು ನೆನಪಿರಲಿ.

ನಿಮ್ಮ ಅಜ್ಜಿ, ಮುತ್ತಜ್ಜಿಯರ ಕಡೆ ಇದೇ ಹಾಡಿಗೆ ಬೇರೆ ಪಾಠ ಇದ್ದಿದ್ದರೆ ದಯವಿಟ್ಟು ಬರೆದು ತಿಳಿಸಿ. ಅದರಲ್ಲಿ ಅವಳು ಗಂಡನ ಮನೆಯ ಬಗ್ಗೆ ಒಂದು ಮಾತಾದರೂ ಆಡುತ್ತಾಳೆಯೇ ಎಂದು ತಿಳಿಯುವ ಕುತೂಹಲ ನಮಗಿದೆ.