ಮಿಲ್ಲಿನ ಬೂದಿ, ಲ್ಯಾಬಿನ ಬೂದಿ

ಭತ್ತದ ಹೊಟ್ಟಿನ ಬೂದಿಯಿಂದ ಹಗುರ ಕಾಂಕ್ರೀಟ್ ಮಾಡಬಹುದು ಅನ್ನೋ ಪ್ರಬಂಧಗಳನ್ನು ಓದಿದಾಗಲೆಲ್ಲ ನನಗೊಂದು ಅನುಮಾನ: ಬರೆದವರು ಸಿರುಗುಪ್ಪದ ಯಾವುದಾದರೂ ರೈಸ್ ಮಿಲ್ಲಿನ ಹಿಂದೆ ಹೋಗಿ ನೋಡಿದ್ದಾರಾ? ನಮ್ಮ ಬಾದನಹಟ್ಟಿ ಕಡೆ ತುಂಗಭದ್ರಾ ಕಾಲುವೆ ನೀರಿಗೆ ಬೆಳೆಯೋ ಭತ್ತ ಇಂಥ ಮಿಲ್ಲುಗಳಿಗೇ ಹೋಗೋದು.

ಮೊದಲ ತಕರಾರು 'ಕೃಷಿ ತ್ಯಾಜ್ಯ' ಅನ್ನೋ ಪದದ ಮೇಲೆ. ಭತ್ತದ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಹೊಟ್ಟು. ಅದನ್ನ ಯಾರೂ ಬಿಸಾಡಲ್ಲ ಕಣ್ರೀ, ಮಿಲ್ಲಿನ ಬಾಯ್ಲರಿಗೆ ಅದೇ ಉರುವಲು. ನಿಜವಾದ ತ್ಯಾಜ್ಯ ಅಂದ್ರೆ ಬಾಯ್ಲರಿನ ಬೂದಿ. ಸುಟ್ಟ ಹೊಟ್ಟಿನ ತೂಕದ ಹೆಚ್ಚುಕಮ್ಮಿ ಐದನೇ ಒಂದು ಪಾಲು. ರಾಶಿ ಬಿದ್ದರೆ ಗಾಳಿಗೆ ಹಾರಿ ಕಣ್ಣಿಗೆ ಬೀಳೋದೂ ಅದೇ.

ಈ ಬೂದಿ ಕರ್ರಗಿರುತ್ತೆ, ಪೂರ್ತಿ ಸುಡದ ಇಂಗಾಲ ಇರೋದರಿಂದ. ಎಷ್ಟೋ ಪ್ರಬಂಧಗಳ ಬೂದಿ ಬೇರೆಯದೇ: ಲ್ಯಾಬಿನ ಕುಲುಮೆಯಲ್ಲಿ 600 ಡಿಗ್ರಿ ಆಸುಪಾಸು ಹದವಾಗಿ ಸುಟ್ಟು, ನುಣ್ಣಗೆ ಅರೆದದ್ದು. ಹಾಗೆ ಸುಟ್ಟರೆ ಅದರೊಳಗಿನ ಸಿಲಿಕಾ ಹರಳುಗಟ್ಟದೆ ಉಳಿದು, ಸಿಮೆಂಟ್ ಬಿಡುವ ಸುಣ್ಣದ ಜೊತೆ ಸೇರಿ ಬಲ ಕೊಡುತ್ತೆ. ಉರಿ ಮೀರಿದರೆ ಹರಳುಗಟ್ಟಿ, ಮರಳಿನ ಹಾಗೆ ಸುಮ್ಮನೆ ಕೂರುತ್ತೆ. ಇಂಗಾಲ ಉಳಿದರೆ ಮಿಶ್ರಣ ನೀರು ಜಾಸ್ತಿ ಕೇಳುತ್ತೆ, ನೀರು ಜಾಸ್ತಿಯಾದರೆ ಬಲ ಇಳಿಯುತ್ತೆ. ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತೆ ಅಂತ ಕೋಡ್ ರಿಲೀಸ್ ಮಾಡೋರನ್ನ ನೀವೂ ನೋಡಿರ್ತೀರಿ! ಐಎಸ್ 456:2000 ಈ ಬೂದಿಯನ್ನು ಒಪ್ಪಿದೆ, ನಿಜ. ಆದರೆ ಗುಣ ಒಂದೇ ಸಮ ಇರಬೇಕು ಅನ್ನೋ ಷರತ್ತಿನ ಮೇಲೆ.

'ಹಗುರ' ಅನ್ನೋದು ಇನ್ನೂ ತಮಾಷೆ. ಘನಮೀಟರಿಗೆ 350 ಕೆಜಿ ಸಿಮೆಂಟ್ ಬೀಳೋ ಕಡೆ ಅದರ 10% ಜಾಗಕ್ಕೆ ಬೂದಿ ಹಾಕಿ ಲೆಕ್ಕ ಮಾಡಿ. 2400 ಕೆಜಿಯಲ್ಲಿ ಇಳಿಯೋದು 10–15 ಕೆಜಿ, ಅಷ್ಟೇ. ಹಗುರ ಮಾಡೋದು ಜೊತೆಗೆ ಸೇರಿಸಿದ ನೊರೆ ಅಥವಾ ಹಗುರ ಜಲ್ಲಿ; ತಲೆಬರಹದಲ್ಲಿ ಹೆಸರು ಮಾತ್ರ ಬೂದಿಗೆ. ಎರೆಭೂಮಿಗೆ ಹಗುರ ಮನೆಯೇ ಒಳ್ಳೇದು ಅನ್ನೋ ವಾದವೂ ಇದೆ. ಮಳೆಗೆ ಉಬ್ಬೋ ಎರೆಮಣ್ಣು ಸುಲಭವಾಗಿ ಎತ್ತೋದು ಹಗುರ ಕಟ್ಟಡವನ್ನೇ.

ಪೈಪೋಟಿಯ ಮಾತಂತೂ ಯಾರೂ ಎತ್ತಲ್ಲ. ಕುಡತಿನಿಯ ವಿದ್ಯುತ್ ಸ್ಥಾವರದ ಹಾರುಬೂದಿ, ತೋರಣಗಲ್ಲಿನ ಉಕ್ಕಿನ ಸ್ಲ್ಯಾಗ್ ಇದೇ ಜಿಲ್ಲೆಯಲ್ಲಿ ಸಿಗುತ್ತೆ. ಅವುಗಳ ಮುಂದೆ ಹೊಟ್ಟಿನ ಬೂದಿಗೆ ಸುಡೋ, ಅರೆಯೋ ಖರ್ಚು ಯಾರು ಕೊಡ್ತಾರೆ?

ನನಗೆ ಓದೋಕೆ ಬೇಕಾದ ಪ್ರಬಂಧ ಬೇರೆ: ಒಂದೇ ಮಿಲ್ಲಿನ ಬೂದಿಯನ್ನ ಸುಗ್ಗಿಯಿಂದ ಸುಗ್ಗಿಗೆ ತಂದು, ಪ್ರತಿ ಲೋಡಿನ ಇಂಗಾಲ ಅಳೆದು, ಅದರಲ್ಲಿ ಮಾಡಿದ ಬ್ಲಾಕು ಬಯಲಲ್ಲಿ ಎರಡು ಮಳೆಗಾಲ ಹೇಗೆ ನಿಂತಿತು ಅಂತ ಬರೆದದ್ದು.